ಐವತ್ತೆರಡು ಬೀಗರು, ಹದಿನಾಲ್ಕು ರೂಮು: ತುಮಕೂರಿನ ಒಂದು ಮದುವೆಯ ವಸತಿ ಲೆಕ್ಕ

ಅಕ್ಕನ ಮಗಳ ಮದುವೆ ಗೊತ್ತಾದ ದಿನವೇ ಭಾವ ನನ್ನ ಪಾಲಿನ ಕೆಲಸ ಹೇಳಿಬಿಟ್ಟರು. "ಅಡುಗೆ, ಮಂಟಪ ನಾನು ನೋಡ್ಕೋತೀನಿ. ಬೀಗರನ್ನ ಇಳಿಸೋದು ನಿನ್ನದು ಕಣಪ್ಪ. ಸೋದರಮಾವ ನೀನು." ಅಕ್ಕ ಒಳಗಿನಿಂದ ಒಂದೇ ಮಾತು ಸೇರಿಸಿದಳು: "ರೂಮಿಗೆ ಅಂತ ಒಂದು ಲಕ್ಷ ಎತ್ತಿಟ್ಟಿದೀವಿ. ಅದರ ಮೇಲೆ ಹೋಗಬಾರದು. ಆದರೆ ಬೀಗರು ಮುಖ ಸಣ್ಣ ಮಾಡ್ಕೋಬಾರದು."

ನಾನು ಬಟವಾಡಿಯ ಎಪಿಎಂಸಿ ಯಾರ್ಡಿನಲ್ಲಿ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವನು. ದರ ಹೇಳುವುದು, ಇಳಿಸುವುದು, ತೂಕ ನೋಡುವುದು ದಿನನಿತ್ಯದ ಕೆಲಸ. ಆದರೂ ಹೋಟೆಲ್ ರೂಮಿನ ವ್ಯವಹಾರ ನನಗೆ ಹೊಸದು. ಹುಟ್ಟಿ ಬೆಳೆದ ಊರಿನಲ್ಲಿ ಯಾರು ಲಾಡ್ಜ್‌ನಲ್ಲಿ ಇಳಿಯುತ್ತಾರೆ? ಬಿ.ಹೆಚ್. ರಸ್ತೆಯ ಬೋರ್ಡುಗಳನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೆ, ಒಂದರ ಮೆಟ್ಟಿಲನ್ನೂ ಹತ್ತಿರಲಿಲ್ಲ. ಒಂದೂವರೆ ತಿಂಗಳಲ್ಲಿ ಕಲಿತದ್ದನ್ನು ಲೆಕ್ಕದ ಸಮೇತ ಬರೆಯುತ್ತಿದ್ದೇನೆ. ಮನೆಯಲ್ಲಿ ಮದುವೆ ಇಟ್ಟುಕೊಂಡಿರುವ ಯಾರಿಗಾದರೂ ಇದರಿಂದ ನಾಲ್ಕು ಕಾಸು ಉಳಿದರೆ ನನಗೆ ಸಂತೋಷ.

ಸಂದರ್ಭ ಇದು

ಗಂಡಿನ ಕಡೆಯವರು ಹಾವೇರಿಯವರು. ತುಳಸಿ ಹಬ್ಬ ಕಳೆದ ಮೇಲೆ, 2025ರ ನವೆಂಬರಿನ ಒಂದು ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ ಒಂಬತ್ತರ ಮೇಲೆ ಮುಹೂರ್ತ. ಬರುವವರು 52 ಜನ, ಎಲ್ಲರೂ ರಾತ್ರಿ ರೈಲಿನಲ್ಲಿ. ಶನಿವಾರ ಬೆಳಗಿನ ಜಾವ ಐದರ ಸುಮಾರಿಗೆ ತುಮಕೂರಿನಲ್ಲಿ ಇಳಿದು, ಭಾನುವಾರ ರಾತ್ರಿಯ ರೈಲಿಗೆ ವಾಪಸ್ಸು.

ಮಂಟಪದಲ್ಲಿ ಎಂಟು ಕೋಣೆ. ಹೆಣ್ಣಿನ ಕೋಣೆ ಒಂದು, ನಮ್ಮವರಿಗೆ ಎರಡು. ಮಿಕ್ಕ ಐದು ಗಂಡಿನ ಕಡೆಗೆ. ವಯಸ್ಸಾದವರನ್ನು ಅಲ್ಲೇ ಇಳಿಸೋಣ, ಓಡಾಟ ತಪ್ಪುತ್ತದೆ ಎಂದು ಮೊದಲು ಅಂದುಕೊಂಡಿದ್ದೆವು. ಹೋಗಿ ನೋಡಿದರೆ ಕೋಣೆಗಳೆಲ್ಲ ಊಟದ ಹಾಲಿನ ಮೇಲಿನ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಅಡುಗೆಯವರು ರಾತ್ರಿ ಎರಡಕ್ಕೇ ಪಾತ್ರೆ ಎಳೆಯಲು ಶುರು ಮಾಡುತ್ತಾರೆ. ಹಾಗಾಗಿ ಲೆಕ್ಕ ತಿರುಗಿಸಿದೆವು: ಮದುಮಗ, ಅವನ ಗೆಳೆಯರು, ಅಣ್ಣತಮ್ಮಂದಿರು, ಒಟ್ಟು ಹನ್ನೆರಡು ಜನ ಮಂಟಪದಲ್ಲಿ. ಹಿರಿಯರು, ಹೆಂಗಸರು, ಮಕ್ಕಳಿರುವ ಸಂಸಾರಗಳು ಲಿಫ್ಟ್ ಇರುವ ಹೋಟೆಲಿನಲ್ಲಿ. ಉಳಿದ ಗಂಡಸರು ಒಂದು ಸಾಧಾರಣ ಲಾಡ್ಜಿನಲ್ಲಿ. ನಲವತ್ತು ಜನಕ್ಕೆ ಹದಿನಾಲ್ಕು ರೂಮು ಬೇಕಾಯಿತು: ಹೋಟೆಲಿನಲ್ಲಿ ಒಂಬತ್ತು, ಲಾಡ್ಜಿನಲ್ಲಿ ಐದು.

ಕ್ಯಾತ್ಸಂದ್ರದ ಕಡೆ ಕಡಿಮೆ ಬಾಡಿಗೆಗೆ ಸಿಗುತ್ತದೆ ಎಂದರು. ಅಲ್ಲಿಂದ ಮಂಟಪಕ್ಕೆ ಟೆಂಪೊ ಎಷ್ಟು ಸಲ ಓಡಬೇಕು ಎಂದು ಬರೆದು ನೋಡಿದಾಗ ಉಳಿತಾಯವೆಲ್ಲ ಡೀಸೆಲ್ಲಿಗೇ ಹೋಗುತ್ತಿತ್ತು. ಸಿದ್ಧಗಂಗಾ ಮಠದಲ್ಲಿ ಕೇಳಬಹುದಲ್ಲ ಎಂದವರೂ ಇದ್ದರು. ಅದು ದೂರದಿಂದ ಬರುವ ಭಕ್ತರ ಜಾಗ. ಮದುವೆ ಬಳಗಕ್ಕೆಂದು ಕೇಳಲು ನನಗೆ ಮನಸ್ಸು ಬರಲಿಲ್ಲ.

ಮೊದಲ ದರ

ಅಕ್ಟೋಬರಿನ ಮೊದಲ ವಾರ ಫೋನಿನಲ್ಲೇ ಹತ್ತು ಕಡೆ ವಿಚಾರಿಸಿದೆ. ಅದು ದಂಡದ ಕೆಲಸ. ಫೋನ್ ಎತ್ತುವ ಹುಡುಗನಿಗೆ ಕೌಂಟರಿನ ಮೇಲಿರುವ ದರಪಟ್ಟಿ ಓದಲು ಮಾತ್ರ ಅಧಿಕಾರ, ಇಳಿಸಲು ಇಲ್ಲ. "ಮದುವೆ" ಎಂದ ಕೂಡಲೇ ಇನ್ನೂರು ಏರಿಸಿ ಹೇಳಿದವರೂ ಇದ್ದಾರೆ.

ಲಿಫ್ಟ್ ಇದ್ದ, ಮಂಟಪಕ್ಕೆ ಹತ್ತಿರವಿದ್ದ ಒಂದು ಹೋಟೆಲಿನವರು ಕೊಟ್ಟ ಲೆಕ್ಕ ಹೀಗಿತ್ತು: ಎ.ಸಿ. ಡಬಲ್ ರೂಮು ದಿನಕ್ಕೆ ₹2,200, ತಿಂಡಿ ಸೇರಿ. ಮಧ್ಯಾಹ್ನ 12ರಿಂದ 12ಕ್ಕೆ ಒಂದು ದಿನ. ಶನಿವಾರ ಬೆಳಿಗ್ಗೆ ಐದಕ್ಕೆ ಬಂದರೆ ಶುಕ್ರವಾರದ ದಿನ ಹಿಡಿಯುತ್ತದೆ, ಭಾನುವಾರ ರಾತ್ರಿವರೆಗೆ ಇದ್ದರೆ ಇನ್ನೊಂದು ದಿನ. ಹದಿನಾಲ್ಕೂ ರೂಮು ಅಲ್ಲೇ ಹಿಡಿದರೆ ಒಟ್ಟು ಮೂರು ದಿನಕ್ಕೆ ₹92,400. ಅದರ ಮೇಲೆ ಜಿಎಸ್‌ಟಿ 12%. ಎಲ್ಲ ಸೇರಿ ₹1,03,488.

ಆ ಚೀಟಿ ಹಿಡಿದು ಮನೆಗೆ ಬಂದು ಎರಡು ದಿನ ಯಾರಿಗೂ ತೋರಿಸಲಿಲ್ಲ. ಅಕ್ಕನ ಒಂದು ಲಕ್ಷ ಪೂರ್ತಿ ಹೋಗಿ ಇನ್ನೂ ಸಾಲದು.

ಎರಡನೇ ರಾತ್ರಿ ಆ ಚೀಟಿಯನ್ನು ಮಂಡಿಯ ಬಿಲ್ಲಿನ ಹಾಗೆ ಸಾಲು ಸಾಲಾಗಿ ಬಿಡಿಸಿ ನೋಡಿದೆ. 2,200 ಅನ್ನುವುದು ಕಣ್ಣಿಗೆ ಹೊಡೆಯುತ್ತದೆ, ಎಲ್ಲರೂ ಅದನ್ನೇ ಎಳೆದಾಡುತ್ತಾರೆ. ಆದರೆ ಭಾರವೆಲ್ಲ ಇದ್ದದ್ದು "ಮೂರು ದಿನ"ದಲ್ಲಿ. ನಮ್ಮವರು ನಿಜವಾಗಿ ಮಲಗುವುದು ಶನಿವಾರದ ಒಂದೇ ರಾತ್ರಿ. ಉಳಿದದ್ದು ಬೆಳಗಿನ ಜಾವದ ಸ್ನಾನ ಮತ್ತು ಭಾನುವಾರ ಊಟವಾದ ಮೇಲೆ ಸ್ವಲ್ಪ ಹೊತ್ತು ಕಾಲು ಚಾಚುವುದು. ಇಷ್ಟಕ್ಕೆ 42 ರೂಮು-ದಿನದ ಬಾಡಿಗೆ ಕೇಳುತ್ತಿದ್ದರು. ಚೌಕಾಸಿ ಮಾಡಬೇಕಾದದ್ದು ಗಂಟೆಗಳ ಮೇಲೆ, ದರದ ಮೇಲಲ್ಲ ಎಂದು ಆಗ ಹೊಳೆಯಿತು.

ಮಂಗಳವಾರ ಮಧ್ಯಾಹ್ನ ಮೂರು ಗಂಟೆ

ಮುಂದಿನ ವಾರ ಖುದ್ದಾಗಿ ಹೋದೆ. ಮಧ್ಯಾಹ್ನ ಮೂರು ಗಂಟೆಯನ್ನು ಬೇಕೆಂದೇ ಆರಿಸಿಕೊಂಡೆ. ಹನ್ನೆರಡರ ಚೆಕ್‌ಔಟ್ ಗಲಾಟೆ ಮುಗಿದಿರುತ್ತದೆ, ಸಂಜೆಯ ಗಿರಾಕಿ ಇನ್ನೂ ಬಂದಿರುವುದಿಲ್ಲ, ಮ್ಯಾನೇಜರ್ ಊಟ ಮುಗಿಸಿ ಕೂತಿರುತ್ತಾರೆ. ದರದ ಮಾತು ತೆಗೆಯಲಿಲ್ಲ. ಮೊದಲು ಮೂರು ರೂಮು ತೆಗೆಸಿ ನೋಡಿದೆ. ನಲ್ಲಿ ತಿರುಗಿಸಿದೆ, ಫ್ಲಶ್ ಎಳೆದೆ, ಹಾಸಿಗೆ ಒತ್ತಿ ನೋಡಿದೆ, ರಸ್ತೆ ಬದಿಯ ಕಿಟಕಿ ತೆರೆದು ಬಸ್ಸಿನ ಸದ್ದು ಕೇಳಿದೆ. ಹಿಂಬದಿಯ ರೂಮುಗಳು ಸಣ್ಣವು, ಆದರೆ ನಿಶ್ಶಬ್ದ. ಹಿರಿಯರಿಗೆ ಅವೇ ವಾಸಿ. ಮಂಡಿ ನೋವಿನವರು ಎಷ್ಟು ಜನ ಎಂದು ಹಾವೇರಿಗೆ ಅಲ್ಲಿಂದಲೇ ಫೋನ್ ಮಾಡಿ, ವೆಸ್ಟರ್ನ್ ಕಮೋಡ್ ಇರುವ ರೂಮಿನ ನಂಬರುಗಳನ್ನು ಗುರುತು ಹಾಕಿಕೊಂಡೆ.

ಆಮೇಲೆ ಕೂತು ಕೇಳಿದೆ: "ಸಾರ್, ನಿಮಗೆ ವಾರದಲ್ಲಿ ಯಾವ ದಿನ ಖಾಲಿ ಇರುತ್ತೆ?"

ಅವರಿಗೆ ಆಶ್ಚರ್ಯವಾಗಿರಬೇಕು. ಆದರೆ ಮನಸ್ಸು ಬಿಚ್ಚಿ ಹೇಳಿದರು. ವಸಂತನರಸಾಪುರದ ಕಾರ್ಖಾನೆಗಳಿಗೆ ಬರುವ ಇಂಜಿನಿಯರುಗಳು, ಆಡಿಟ್‌ನವರು ಸೋಮವಾರದಿಂದ ಗುರುವಾರದವರೆಗೆ ಇರುತ್ತಾರೆ. ಶುಕ್ರವಾರ ಸಂಜೆ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೊರಟುಬಿಡುತ್ತಾರೆ. ಶನಿವಾರ ಮದುವೆಯವರದು. "ಶುಕ್ರವಾರ ರಾತ್ರಿ ಅರ್ಧಕ್ಕರ್ಧ ರೂಮು ಬೀಗ ಹಾಕಿರ್ತೀವಿ ಸಾರ್" ಎಂದರು.

"ಹಾಗಾದ್ರೆ ಶನಿವಾರ ಬೆಳಗಿನ ಜಾವ ಐದು ಗಂಟೆಗೆ ನಾವು ಬಂದ್ರೆ ನಿಮಗೆ ಯಾವ ಗಿರಾಕಿಯೂ ತಪ್ಪಿ ಹೋಗಲ್ಲ. ಬೀಗ ಹಾಕಿದ್ದ ರೂಮು ತೆಗೀತೀರಿ, ಅಷ್ಟೆ."

ಅವರು ನಕ್ಕರು. ರೂಮ್ ಬಾಯ್‌ಗಳನ್ನು ರಾತ್ರಿ ಪಾಳಿಗೆ ಹಾಕಬೇಕು, ಬೆಡ್‌ಶೀಟು, ಕರೆಂಟು ಎಂದು ಲೆಕ್ಕ ಹೇಳಿದರು. ಆ ಮಾತು ನ್ಯಾಯವಾದದ್ದು, ನಾನೂ ಒಪ್ಪಿದೆ. ಹೀಗೆ ಪೂರ್ತಿ ಒಂದು ದಿನದ ₹2,200ರ ಬದಲು ರೂಮಿಗೆ ₹500ಕ್ಕೆ ಬೆಳಗಿನ ಪ್ರವೇಶ ಕುದುರಿತು. ಎದುರಿನವರ ಖರ್ಚು ಯಾವುದು, ನಷ್ಟ ಯಾವುದು ಎಂದು ಕೇಳಿ ತಿಳಿದುಕೊಳ್ಳದೆ ಬರೀ "ಕಮ್ಮಿ ಮಾಡಿ, ಕಮ್ಮಿ ಮಾಡಿ" ಎಂದಿದ್ದರೆ ನೂರೋ ಇನ್ನೂರೋ ಬಿಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸುವ ಮೊದಲು ನಮ್ಮಪ್ಪ ಎತ್ತಿನವನ ಹತ್ತಿರ ಮಳೆ, ಬೆಳೆ, ಮೇವಿನ ಮಾತನ್ನೇ ಅರ್ಧ ಗಂಟೆ ಆಡುತ್ತಿದ್ದರು. ಮೇವು ಇಲ್ಲದವನು ಎತ್ತನ್ನು ವಾಪಸ್ ಹೊಡೆದುಕೊಂಡು ಹೋಗುವುದಿಲ್ಲ ಎಂಬುದು ಆ ಮಾತಿನ ಹಿಂದಿನ ಲೆಕ್ಕ.

ಭಾನುವಾರದ್ದು ಇನ್ನೂ ಸುಲಭವಾಯಿತು. ಮುಹೂರ್ತಕ್ಕೆ ಎಲ್ಲರೂ ಏಳು ಗಂಟೆಗೇ ಮಂಟಪದಲ್ಲಿರುತ್ತಾರೆ. ಹೊರಡುವ ಮೊದಲೇ ಗಂಟುಮೂಟೆ ಕಟ್ಟಿ ಮೂರು ರೂಮಿಗೆ ತುಂಬಿ, ಉಳಿದ ಆರನ್ನು ಬಿಟ್ಟುಕೊಡುವುದು. ಆ ಮೂರು ಮಾತ್ರ ರಾತ್ರಿ ಎಂಟರವರೆಗೆ, ಅರ್ಧ ಬಾಡಿಗೆಗೆ. ಊಟವಾದ ಮೇಲೆ ಹಿರಿಯರು ಅಲ್ಲೇ ಮಲಗಿ ಎದ್ದು, ಬಟ್ಟೆ ಬದಲಿಸಿ ಸ್ಟೇಷನ್ನಿಗೆ ಹೊರಡಬಹುದು.

ತಿಂಡಿಯ ವಿಷಯಕ್ಕೆ ಬಂದೆ. ಎರಡು ದಿನವೂ ತಿಂಡಿ ಮಂಟಪದಲ್ಲೇ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹಾಕಿಸುತ್ತೇವೆಂದು ಭಾವ ಬೀಗರಿಗೆ ಮಾತು ಕೊಟ್ಟಾಗಿತ್ತು. ತಿನ್ನದ ತಿಂಡಿಗೆ ದುಡ್ಡು ಯಾಕೆ? ಅದನ್ನು ತೆಗೆಸಿದ್ದಕ್ಕೆ ರೂಮಿಗೆ ₹250 ಇಳಿಯಿತು. ಒಂಬತ್ತು ರೂಮು ಒಟ್ಟಿಗೆ ಹಿಡಿಯುತ್ತಿದ್ದೇವೆ, ಅಡ್ವಾನ್ಸ್ ಇವತ್ತೇ ಕೊಡುತ್ತೇನೆ ಎಂದ ಮೇಲೆ ಇನ್ನೊಂದು ₹250. ಹೀಗೆ 2,200 ಇದ್ದದ್ದು 1,700ಕ್ಕೆ ನಿಂತಿತು. ಹೆಚ್ಚುವರಿ ಹಾಸಿಗೆಗೆ ₹400 ಇತ್ತು, ದಿಂಬು ಹೊದಿಕೆ ಸಮೇತ ₹200 ಮಾಡಿದರು.

ತೆರಿಗೆಯ ಸಾಲು

ಕೌಂಟರಿನ ಮೇಲೆ ಅಂಟಿಸಿದ್ದ ದರಪಟ್ಟಿಯಲ್ಲಿ ಜಿಎಸ್‌ಟಿ 12% ಎಂದೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮುಗಳಿಗೆ ಅದು 5%ಗೆ ಇಳಿದಿದೆ. ಯಾರ್ಡಿನಲ್ಲಿ ಆ ದಿನಗಳಲ್ಲಿ ಇದೇ ಮಾತಾಗಿದ್ದರಿಂದ ನನಗೆ ನೆನಪಿತ್ತು. ಮೊದಲ ಚೀಟಿಯ ಲೆಕ್ಕದಲ್ಲಿ ಈ ಒಂದು ಸಾಲಿನ ವ್ಯತ್ಯಾಸವೇ ₹6,468. ತೋರಿಸಿದಾಗ ಮ್ಯಾನೇಜರ್ ಮರುಮಾತಿಲ್ಲದೆ ಒಪ್ಪಿದರು, ಹಳೆಯ ಕಾರ್ಡು ಎಂದರು. ಜೊತೆಗೆ ತಮ್ಮ ಕಷ್ಟವನ್ನೂ ಹೇಳಿದರು: 12% ಇದ್ದಾಗ ಹೋಟೆಲಿಗೆ ಕೊಂಡ ಸಾಮಾನಿನ ಮೇಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಮುರಿದುಕೊಳ್ಳಬಹುದಿತ್ತು, 5%ರಲ್ಲಿ ಅದಿಲ್ಲ. ಅದಕ್ಕೇ ಕೆಲವರು ಮೂಲ ದರವನ್ನೇ ಸ್ವಲ್ಪ ಏರಿಸಿದ್ದಾರೆ ಎಂದರು. ಆದ್ದರಿಂದ ದರ ಕೇಳುವಾಗ "ತೆರಿಗೆ ಸೇರಿ ಕೈಯಿಂದ ಎಷ್ಟು ಬಿಡಬೇಕು" ಎಂದೇ ಕೇಳಬೇಕು.

ಸಾವಿರಕ್ಕಿಂತ ಕಡಿಮೆ ಬಾಡಿಗೆಯ ರೂಮಿಗೆ ತೆರಿಗೆಯೇ ಇಲ್ಲ ಎಂದು ಈಗಲೂ ಹಲವರು ನಂಬಿದ್ದಾರೆ. ಆ ವಿನಾಯಿತಿ 2022ರ ಜುಲೈ 18ಕ್ಕೇ ಮುಗಿಯಿತು. ಆದರೆ ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಲಾಡ್ಜಿನವರು ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕೆಂದಿಲ್ಲ. ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ. ರಸೀದಿಯಲ್ಲಿ ಜಿಎಸ್‌ಟಿ ನಂಬರು ಇದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ.

ಆ್ಯಪಿನಲ್ಲಿ ನೋಡಿದ್ದು

ನನ್ನ ಮಗ ಮೊಬೈಲಿನಲ್ಲಿ ಅದೇ ಹೋಟೆಲನ್ನು ₹1,890ಕ್ಕೆ ತೋರಿಸಿದ. "ಅಪ್ಪ, ಸುಮ್ನೆ ಯಾಕೆ ಅಲೀತೀಯ, ಇಲ್ಲೇ ಬುಕ್ ಮಾಡೋಣ" ಎಂದ. ನಾಲ್ಕು ರೂಮು ಹಾಕಿದ ಮೇಲೆ ಐದನೆಯದಕ್ಕೆ ದರ ಏರಿತು. ಬೆಳಗಿನ ಜಾವದ ಪ್ರವೇಶಕ್ಕೆ, ಮೂರು ರೂಮು ಸಂಜೆವರೆಗೆ ಇಟ್ಟುಕೊಳ್ಳುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಒಬ್ಬರೋ ಇಬ್ಬರೋ ಒಂದು ರಾತ್ರಿಗೆ ಹೋಗುವುದಾದರೆ ಆ್ಯಪು ಸರಿ. ಬಳಗಕ್ಕೆ ಆಗುವುದಿಲ್ಲ.

ಆದರೂ ಆ 1,890ರ ಪರದೆ ನನಗೆ ಉಪಯೋಗಕ್ಕೆ ಬಂತು. ಆ್ಯಪಿನ ಕಮಿಷನ್ ಕಳೆದರೆ ನಿಮ್ಮ ಕೈಗೆ ಎಷ್ಟು ಬರುತ್ತದೆ ಎಂದು ಮ್ಯಾನೇಜರನ್ನು ಕೇಳಿದೆ. ಅವರು ಸಂಖ್ಯೆ ಹೇಳಲಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. 1,700 ಒಪ್ಪಿಕೊಳ್ಳಲು ಅದೂ ಒಂದು ಕಾರಣ ಎಂದೇ ನನ್ನ ನಂಬಿಕೆ. ಆ್ಯಪಿಗಿಂತ ಕಡಿಮೆ ದರಕ್ಕೆ ಬೇರೆಡೆ ಮಾರಬಾರದು ಎಂದು ಹೋಟೆಲುಗಳ ಕೈ ಕಟ್ಟುತ್ತಿದ್ದ ಕರಾರುಗಳ ಬಗ್ಗೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಆದೇಶ ಕೊಟ್ಟು, ಬುಕಿಂಗ್ ಆ್ಯಪು ನಡೆಸುವ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ ರೂಪಾಯಿ ದಂಡ ಹಾಕಿತ್ತು. ನೇರವಾಗಿ ಹೋಗಿ ಕಡಿಮೆ ದರ ಕೇಳುವುದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ.

ನಾನು ಮಾಡಿದ ತಪ್ಪು

ಐದು ರೂಮಿನ ಲಾಡ್ಜಿನ ವಿಷಯದಲ್ಲಿ ಎಡವಿದೆ. ಪರಿಚಯದವರ ಪರಿಚಯ ಎಂದು ಒಂದು ಕಡೆ ₹2,000 ನಗದು ಅಡ್ವಾನ್ಸ್ ಕೊಟ್ಟು ಬಂದೆ. ರಸೀದಿ ಕೇಳಲು ಸಂಕೋಚ. ಮದುವೆಗೆ ಒಂಬತ್ತು ದಿನ ಇರುವಾಗ ನೆನಪಿಸಲು ಫೋನ್ ಮಾಡಿದರೆ, "ಯಾವ ಬುಕಿಂಗು ಸಾರ್? ಆ ದಿನ ಬೇರೆ ಪಾರ್ಟಿಗೆ ಪೂರ್ತಿ ಕೊಟ್ಟಾಗಿದೆ" ಎಂದರು. ದುಡ್ಡು ಎರಡು ಸಲ ಅಲೆದ ಮೇಲೆ ವಾಪಸ್ ಬಂತು. ಆದರೆ ಹದಿಮೂರು ಜನರಿಗೆ ಸೂರಿಲ್ಲ, ಆ ಶನಿವಾರ ಊರಲ್ಲಿ ಮದುವೆಗಳೋ ಮದುವೆಗಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾವೇರಿಗೆ ಫೋನ್ ಮಾಡಿ ಹೇಳಿಕೊಂಡಾಗ ಮದುಮಗನ ಚಿಕ್ಕಪ್ಪ, "ನೀವು ತ್ರಾಸ ಮಾಡ್ಕೋಬ್ಯಾಡ್ರಿ ಬೀಗ್ರ, ನಮ್ಮ ಹುಡುಗ್ರು ಎಲ್ಲಿ ಬೇಕಾದ್ರೂ ಮಲಗ್ತಾರ" ಎಂದರು. ಅವರು ದೊಡ್ಡ ಮನಸ್ಸಿನಿಂದ ಆಡಿದ ಆ ಮಾತು ನನ್ನನ್ನು ಇನ್ನಷ್ಟು ಕುಗ್ಗಿಸಿತು.

ಮಾರನೇ ದಿನ ಬಸ್ ಸ್ಟ್ಯಾಂಡ್ ಸುತ್ತಲಿನ ಗಲ್ಲಿಗಳನ್ನು ಕಾಲ್ನಡಿಗೆಯಲ್ಲಿ ಹುಡುಕಿದೆ. ಹನ್ನೆರಡು ರೂಮಿನ ಒಂದು ಹಳೆಯ ಲಾಡ್ಜ್ ಸಿಕ್ಕಿತು. ಆ್ಯಪಿನಲ್ಲಿ ಇಲ್ಲ, ಬೋರ್ಡೂ ಮಾಸಿದೆ. ಒಳಗೆ ಮಾತ್ರ ನೆಲ ತೊಳೆದು ಒರೆಸಿಟ್ಟ ಹಾಗಿತ್ತು. ಕೌಂಟರಿನಲ್ಲಿ ವಯಸ್ಸಾದ ಮಾಲೀಕರು ಉದ್ದನೆಯ ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದರು. ರೂಮಿಗೆ ₹900, ಬಂದ ಹೊತ್ತಿನಿಂದ 24 ಗಂಟೆ. ಈ 24 ಗಂಟೆಯ ಪದ್ಧತಿ ಹಳೆಯ ಲಾಡ್ಜುಗಳಲ್ಲಿ ಇನ್ನೂ ಉಳಿದಿದೆ, ರಾತ್ರಿ ರೈಲಿನಲ್ಲಿ ಬರುವವರಿಗೆ ಅದಕ್ಕಿಂತ ದೊಡ್ಡ ರಿಯಾಯಿತಿ ಬೇರೆ ಇಲ್ಲ. "ಯಜಮಾನ್ರೇ, ಭಾನುವಾರ ಬೆಳಿಗ್ಗೆ ಐದಕ್ಕೆ ನಮ್ಮ ಸಮಯ ಮುಗಿಯುತ್ತೆ. ಮಿಂದು ಹೊರಡೋಕೆ ಏಳರವರೆಗೆ ಬಿಡಿ. ಆಮೇಲೆ ಎರಡು ರೂಮು ಇಟ್ಕೊಂಡು ಮೂರು ಬಿಟ್ಟುಕೊಡ್ತೀವಿ" ಎಂದೆ. "ಮದುವೆ ಮನೆಯವರು, ಆಯ್ತು ಬಿಡಪ್ಪ" ಎಂದರು. ₹900ರಲ್ಲಿ ಒಂದು ರೂಪಾಯಿಯನ್ನೂ ಇಳಿಸಿ ಎಂದು ನಾನು ಕೇಳಲಿಲ್ಲ. ಅಷ್ಟು ಚೊಕ್ಕಟವಾಗಿ ಇಟ್ಟುಕೊಂಡವರ ಹತ್ತಿರ ಕೇಳಬಾರದು ಅನ್ನಿಸಿತು.

ಈ ಸಲ ಎರಡು ಕಡೆಗೂ ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸಿ "ಸರಿ" ಎಂದು ಉತ್ತರ ತರಿಸಿಕೊಂಡೆ. ಅದರಲ್ಲಿ ಇದ್ದದ್ದು: ತಾರೀಖು ಮತ್ತು ವಾರ, ರೂಮಿನ ನಂಬರುಗಳು, ಒಳಗೆ ಬರುವ ಮತ್ತು ಬಿಡುವ ಗಂಟೆ, ತೆರಿಗೆ ಸೇರಿದ ದರ, ಹಾಸಿಗೆ ಎಷ್ಟು, ಯುಪಿಐನಲ್ಲಿ ಕೊಟ್ಟ ಅಡ್ವಾನ್ಸ್, ಎಷ್ಟು ದಿನ ಮೊದಲು ಹೇಳಿದರೆ ರೂಮು ಕಡಿಮೆ ಮಾಡಬಹುದು, ಮತ್ತು ಆ ರಾತ್ರಿ ಪಾಳಿಯಲ್ಲಿರುವವರ ಹೆಸರು. ಕೊನೆಯದನ್ನು ಮರೆಯಬಾರದು. ಮಧ್ಯಾಹ್ನ ಮೂರಕ್ಕೆ ಒಪ್ಪಿದವರು ಬೆಳಗಿನ ಜಾವ ಐದಕ್ಕೆ ಕೌಂಟರಿನಲ್ಲಿ ಇರುವುದಿಲ್ಲ.

ಗುರುತಿನ ಚೀಟಿಗಳನ್ನೂ ಮೊದಲೇ ತರಿಸಿಕೊಂಡೆ. ಆಧಾರ್ ಕೊಡುವವರಿಗೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕಳಿಸಲು ಹೇಳಿದೆ. ನಿದ್ದೆಗಣ್ಣಿನ ನಲವತ್ತು ಜನ ಕೌಂಟರಿನ ಮುಂದೆ ಚೀಲ ಬಿಚ್ಚಿ ಕಾರ್ಡು ಹುಡುಕುವುದು ತಪ್ಪಿತು.

ಆ ಎರಡು ದಿನ

ಶನಿವಾರ ರೈಲು ಸಮಯಕ್ಕೆ ಬಂತು. ಐದೂಮುಕ್ಕಾಲಿಗೆ ಎಲ್ಲರ ಕೈಗೂ ಬೀಗದ ಕೈ ಸೇರಿತ್ತು. ನಾನು ಕೇಳದೇ ಬಿಟ್ಟ ಒಂದು ಪ್ರಶ್ನೆ ಮಾತ್ರ ಭಾನುವಾರ ಬೆಳಿಗ್ಗೆ ಎದುರಿಗೆ ಬಂದು ನಿಂತಿತು: ಬಿಸಿನೀರು. ಹೋಟೆಲಿನದು ಸೋಲಾರ್. ಹಿಂದಿನ ದಿನ ಮೋಡವಿತ್ತು, ನಾಲ್ಕೂವರೆಗೆ ಒಂಬತ್ತು ರೂಮಿನಲ್ಲೂ ಒಟ್ಟಿಗೆ ನಲ್ಲಿ ತಿರುಗಿಸಿದರು. ಐದಾರು ರೂಮಿಗೆ ಬಂದು ನಿಂತೇಹೋಯಿತು. ನವೆಂಬರಿನ ಚಳಿ, ಮದುಮಗನ ಅಜ್ಜಿಗೆ ಎಂಬತ್ತು ದಾಟಿದೆ. ತಣ್ಣೀರಲ್ಲಿ ಮೀಯುವುದಿಲ್ಲ, ಮೀಯದೆ ಮುಹೂರ್ತಕ್ಕೆ ಬರುವುದಿಲ್ಲ. ಮಂಟಪದ ಅಡುಗೆಯವರ ಹಂಡೆಯಿಂದ ನಮ್ಮ ಹುಡುಗರು ಎರಡು ಕ್ಯಾನಿನಲ್ಲಿ ಬಿಸಿನೀರು ತುಂಬಿಕೊಂಡು ಸ್ಕೂಟರಿನಲ್ಲಿ ತಂದರು. ಅಜ್ಜಿ ಸ್ನಾನ ಮುಗಿಸಿ ಇಳಕಲ್ ಸೀರೆ ಉಟ್ಟು ಲಿಫ್ಟಿನಿಂದ ಹೊರಬಂದಾಗ ನಾನು ಅವರ ಕಾಲಿಗೆ ಬಿದ್ದೆ. "ಚಲೋ ನೋಡ್ಕೊಂಡೀ ತಮ್ಮಾ" ಎಂದು ತಲೆ ಸವರಿದರು. ಹೋಟೆಲ್ ನೋಡಲು ಹೋದವರು ಗೀಜರ್ ಇದೆಯೇ, ಬರೀ ಸೋಲಾರೇ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಲ್ಲ ರೂಮಿಗೂ ಒಟ್ಟಿಗೆ ಬರುತ್ತದೆಯೇ ಎಂದು ಕೇಳಿ. ದಯವಿಟ್ಟು ಕೇಳಿ.

ಬಿಲ್ಲು

ಹೋಟೆಲು: ಒಂಬತ್ತು ರೂಮು ತಲಾ ₹1,700ರಂತೆ ₹15,300. ಬೆಳಗಿನ ಪ್ರವೇಶಕ್ಕೆ ₹4,500. ಭಾನುವಾರ ಸಂಜೆವರೆಗಿನ ಮೂರು ರೂಮಿಗೆ ₹2,550. ಒಂಬತ್ತು ಹಾಸಿಗೆಗೆ ₹1,800. ಜಿಎಸ್‌ಟಿ 5% ಸೇರಿ ₹25,358. ಲಾಡ್ಜು: ಐದು ರೂಮು ಒಂದು ದಿನ, ಎರಡು ರೂಮು ಇನ್ನೊಂದು ದಿನ, ₹6,300. ಒಟ್ಟು ₹31,658. 42 ರೂಮು-ದಿನದ ಜಾಗದಲ್ಲಿ ಪೂರ್ತಿ ಬಾಡಿಗೆ ಕೊಟ್ಟದ್ದು 16ಕ್ಕೆ. ತಿಂಡಿಯದು ಬಿಟ್ಟರೆ, ಹೋಟೆಲಿನವರು ರೂಮಿನ ದರದಲ್ಲಿ ನಿಜವಾಗಿ ಬಿಟ್ಟುಕೊಟ್ಟದ್ದು ಒಂಬತ್ತು ರೂಮಿಗೆ ಸೇರಿ ₹2,250 ಮಾತ್ರ.

ಬಿಲ್ಲಿನಲ್ಲಿ ಹತ್ತು ಹಾಸಿಗೆ ಬರೆದಿದ್ದರು. ವಾಟ್ಸ್‌ಆ್ಯಪ್ ತೋರಿಸಿದೆ, ಒಂಬತ್ತು ಮಾಡಿದರು. ನಿದ್ದೆಗೆಟ್ಟು ಓಡಾಡಿದ ರೂಮ್ ಬಾಯ್‌ಗಳಿಗೆ ಎರಡೂ ಕಡೆ ಸೇರಿ ಸಾವಿರ ಕೊಟ್ಟೆ.

ಬೀಗರನ್ನು ರೈಲು ಹತ್ತಿಸಿ ಬಂದು, ಆ ರಾತ್ರಿಯೇ ಉಳಿದ ₹67,342ನ್ನು ಅಕ್ಕನ ಕೈಗಿಟ್ಟೆ. ಅವಳು ಎರಡು ಸಲ ಎಣಿಸಿದಳು. ಮಾರನೇ ಬೆಳಿಗ್ಗೆ ಮಂಟಪದವರು ಕರೆಂಟಿನ ಮೀಟರ್ ಬಿಲ್ಲು, ಕ್ಲೀನಿಂಗ್ ಚಾರ್ಜು ಎಂದು ಚೀಟಿ ಕಳಿಸಿದಾಗ ಭಾವ ಯಾರ ಹತ್ತಿರವೂ ಕೈಗಡ ಕೇಳದೆ ಅದರಿಂದಲೇ ಕಟ್ಟಿದರು.